ಚಳ್ಳಕೆರೆಯ ಬಯಲಲ್ಲಿ ನಾಲ್ಕು ಕ್ಯಾನ್ ನೀರು

ಮನೆ ಬಿಟ್ಟು ಒಂದು ರಾತ್ರಿ ಹೊರಗೆ ತಂಗುವುದೆಂದರೆ ನಿಮಗೆ ಏನು ನೆನಪಾಗುತ್ತದೆ? ಮದುವೆ ಮನೆ, ತವರು ಮನೆ, ಇಲ್ಲವೇ ಆಸ್ಪತ್ರೆ. ಈ ಮೂರನ್ನು ಬಿಟ್ಟು ಬೇರೆಲ್ಲಾದರೂ ನೀವು ಕೊನೆಯ ಬಾರಿ ರಾತ್ರಿ ಕಳೆದದ್ದು ಯಾವಾಗ? ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ವಿದೇಶದ ಕುಟುಂಬವೊಂದು ಮನೆಯಂತಹ ವಾಹನದಲ್ಲಿ ಊರೂರು ಸುತ್ತುವುದನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳು. ಅದರೊಳಗೆ ಹಾಸಿಗೆ, ಅಡುಗೆಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಇವೆ. ಮೇಲ್ಭಾಗದಲ್ಲಿ ಸೋಲಾರ್ ಫಲಕ. ಕರೆಂಟು, ನಲ್ಲಿ, ಹೋಟೆಲು ಯಾವುದೂ ಇಲ್ಲದ ಕಾಡು, ಮರುಭೂಮಿಗಳಲ್ಲಿ ಅವರು ವಾರಗಟ್ಟಲೆ ಇರುತ್ತಾರಂತೆ. ನಮ್ಮ ನೆರೆಯ ಕೇರಳ ಸರಕಾರವೂ 2021ರಲ್ಲಿ ಇಂತಹ ‘ಕ್ಯಾರವಾನ್’ ಪ್ರವಾಸದ ಯೋಜನೆಯನ್ನು ಪ್ರಕಟಿಸಿತು. ಕ್ಯಾರವಾನ್ ಎಂಬುದು ಇಂಗ್ಲಿಷ್ ಪದವೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಪಾರಸಿಯ ‘ಕಾರ್ವಾನ್’. ಒಂಟೆ, ಕುದುರೆಗಳ ಮೇಲೆ ಸರಕು ಹೇರಿಕೊಂಡು ಗುಂಪಾಗಿ ಸಾಗುತ್ತಿದ್ದ ವರ್ತಕರ ತಂಡ.

“ನಾವೂ ಹೋಗೋಣ ಅಮ್ಮೀ” ಎಂದಳು ಮಗಳು. ನಾನು ನಕ್ಕುಬಿಟ್ಟೆ. ದಾವಣಗೆರೆಯ ಒಬ್ಬ ಶಿಕ್ಷಕಿಯ ಮನೆಗೆ ಅಂತಹ ವಾಹನ ಎಲ್ಲಿಂದ ಬರಬೇಕು? ಆಗ ಮೂಲೆಯಲ್ಲಿ ಕುಳಿತಿದ್ದ ನನ್ನ ಅತ್ತೆ ಮಾತನಾಡಿದರು.

“ಅದಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ? ನಮ್ಮ ಅಬ್ಬಾ ಎತ್ತಿನ ಗಾಡಿಯಲ್ಲೇ ಇದನ್ನು ಮಾಡುತ್ತಿದ್ದರು.”

ಸಹೋದರಿಯರೇ, ಆ ಮಾತು ನಮಗೆ ಎಷ್ಟು ದೊಡ್ಡದೆಂದು ನಿಮಗೆ ಹೇಳಬೇಕು. ಮಾವನವರು ತೀರಿಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ಅತ್ತೆ ಡಾಕ್ಟರ ಬಳಿಗಲ್ಲದೆ ಎಲ್ಲಿಗೂ ಹೊರಟವರಲ್ಲ. ಮನೆಯಲ್ಲಿ ಮಾತೂ ಕಡಿಮೆಯಾಗಿತ್ತು. ಅವರ ತಂದೆ ಬಳೆ ವ್ಯಾಪಾರಿ. ಚಳ್ಳಕೆರೆ ಸೀಮೆಯ ಸಂತೆ, ಜಾತ್ರೆಗಳಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ ಎರಡನ್ನೂ ತಪ್ಪಿಸುತ್ತಿರಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಅತ್ತೆಯೂ ಜೊತೆಗಿರುತ್ತಿದ್ದರು. ರಾತ್ರಿ ಕಾವಲಿನ ಬಯಲಲ್ಲಿ ಗಾಡಿ ಬಿಟ್ಟು, ಮೂರು ಕಲ್ಲಿಟ್ಟು ಅಡುಗೆ ಮಾಡಿ, ಗಾಡಿಯ ಕೆಳಗೇ ಮಲಗುವುದು. “ಆ ಬಯಲನ್ನು ಇನ್ನೊಮ್ಮೆ ನೋಡಬೇಕು” ಎಂದರು. ಅಲ್ಲಿಗೆ ನಮ್ಮ ಪ್ರವಾಸ ತೀರ್ಮಾನವಾಯಿತು.

ಓಮ್ನಿಯೇ ನಮ್ಮ ಕಾರ್ವಾನ್

ನನ್ನ ಮೈದುನ ಜಾತ್ರೆಗಳಲ್ಲಿ ಸ್ಟೀಲ್ ಪಾತ್ರೆ ಮಾರುವವನು. ಅವನ ಬಳಿ ಒಂದು ಹಳೆಯ ಮಾರುತಿ ಓಮ್ನಿ ಇದೆ. ನಾಲ್ಕೈದು ದಿನದ ಜಾತ್ರೆಯಾದರೆ ಅವನು ಅದರಲ್ಲೇ ಮಲಗುತ್ತಾನೆ, ಅದರ ಪಕ್ಕದಲ್ಲೇ ಚಹಾ ಕಾಯಿಸುತ್ತಾನೆ. ಹಿಂದಿನ ಸೀಟನ್ನು ಮಡಚಿ ಹಲಗೆ ಹಾಸಿದರೆ ಮೂವರು ಹೆಂಗಸರು ಕಾಲು ಮಡಚಿ ಮಲಗಬಹುದು. ಬೆಳಕಿಗೆ ಸೋಲಾರ್ ಲಾಟೀನು, ಅಡುಗೆಗೆ ಐದು ಕೆ.ಜಿ.ಯ ಚಿಕ್ಕ ಸಿಲಿಂಡರ್ ಮತ್ತು ಒಂದೇ ಬರ್ನರಿನ ಒಲೆ. ಗಂಡಸರಿಗೆ ಓಮ್ನಿಯ ಮಗ್ಗುಲಿಗೆ ಕಟ್ಟುವ ತಾಡಪಾಲು. ವಿದೇಶದ ವಾಹನದಲ್ಲಿ ಇರುವುದೆಲ್ಲವೂ ಹೆಚ್ಚುಕಡಿಮೆ ಇದರಲ್ಲಿತ್ತು, ಶೌಚಾಲಯವೊಂದನ್ನು ಬಿಟ್ಟು.

ನೀರಿಗೆ 20 ಲೀಟರಿನ ನಾಲ್ಕು ಕ್ಯಾನುಗಳು. ನಾವು ಐವರು, ಎರಡು ದಿನ, ಒಟ್ಟು 80 ಲೀಟರ್. ಅಂದರೆ ತಲೆಗೆ ದಿನಕ್ಕೆ ಎಂಟು ಲೀಟರ್. ನಮ್ಮ ದೇಶದಲ್ಲಿ ನಗರವಾಸಿಗೆ ದಿನಕ್ಕೆ 135 ಲೀಟರ್, ಹಳ್ಳಿಯವರಿಗೆ 55 ಲೀಟರ್ ಎಂದು ಲೆಕ್ಕ ಹಾಕುತ್ತಾರೆ. ಎಂಟು ಲೀಟರಿನಲ್ಲಿ ಹೇಗೆ ಬದುಕುವುದು ಎಂದು ನಾನು ಹೆದರಿದೆ. ಅತ್ತೆ ಮಾತ್ರ ನಾಲ್ಕು ಕ್ಯಾನುಗಳನ್ನು ನೋಡಿ, “ಇಷ್ಟೊಂದು ನೀರೇ!” ಎಂದರು.

ದೊಡ್ಡೇರಿಯ ಡೇರೆಗಳು

ಜನವರಿಯ ಕೊನೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಚಿತ್ರದುರ್ಗ ದಾಟಿ ಚಳ್ಳಕೆರೆಯ ಕಡೆ ತಿರುಗಿದರೆ ಹಸಿರು ಕರಗುತ್ತಾ ಹೋಗುತ್ತದೆ. ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲಿ ಇದೂ ಒಂದು. ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದು ಮುಗಿಯುತ್ತದೆ. ಈ ಮಳೆಗೆ ಶೇಂಗಾ ಬೆಳೆಯುತ್ತದೆ. ಶೇಂಗಾದಿಂದ ಎಣ್ಣೆ ಗಿರಣಿಗಳು ಬೆಳೆದು ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂತು. ಊರೊಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮುಂದೆ ಹೊರಟೆವು.

ಚಳ್ಳಕೆರೆಯ ಹತ್ತಿರ ದೊಡ್ಡೇರಿ ಎಂಬ ಹಳ್ಳಿಯಿದೆ. ಬಯಲಲ್ಲಿ ಡೇರೆ ಹಾಕುವವರು ಈ ಊರಿನ ಕಥೆಯನ್ನು ತಿಳಿದಿರಬೇಕು. 1695ರಲ್ಲಿ ಔರಂಗಜೇಬನ ಸೇನಾಧಿಕಾರಿ ಖಾಸಿಂ ಖಾನ್ ಈ ಸೀಮೆಯಲ್ಲಿದ್ದ. ಸಹಾಯಕ್ಕೆ ಬರುತ್ತಿದ್ದ ಖಾನಾಜಾದ್ ಖಾನನಿಗೆ ಭರ್ಜರಿ ಸ್ವಾಗತ ನೀಡಬೇಕೆಂದು ತನ್ನ ಬೆಲೆಬಾಳುವ ಡೇರೆಗಳನ್ನು, ಚಿನ್ನ ಬೆಳ್ಳಿಯ ಪಾತ್ರೆಗಳನ್ನು, ಪಿಂಗಾಣಿಯನ್ನು ಕೆಲವು ಮೈಲಿ ಮುಂದೆ ಕಳುಹಿಸಿದ. ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆ ಮೊದಲು ಎರಗಿದ್ದು ಆ ಡೇರೆಗಳ ಮೇಲೆಯೇ. ಅವುಗಳನ್ನು ಉಳಿಸಲು ಓಡಿದ ಸೈನ್ಯ ಮುತ್ತಿಗೆಗೆ ಸಿಕ್ಕಿ ದೊಡ್ಡೇರಿಯ ಕೋಟೆ ಸೇರಿತು. ಅನ್ನ, ಮೇವು ಮುಗಿದು ಶರಣಾಯಿತು. ಖಾಸಿಂ ಖಾನ್ ಅಲ್ಲೇ ಸತ್ತ.

ಓಮ್ನಿಯಲ್ಲಿ ಈ ಕಥೆ ಹೇಳಿದಾಗ ನನ್ನ ಮಗ, “ಅಮ್ಮೀ, ನಾವು ಎಷ್ಟು ಪಾತ್ರೆ ತಂದಿದ್ದೇವೆ?” ಎಂದು ಕೇಳಿದ. ನಾನು ಹಿಂದಿರುಗಿ ನೋಡಿದೆ. ಎರಡು ಕುಕ್ಕರ್, ಮೂರು ಬಾಣಲೆ, ಊಟದ ಎಂಟು ತಟ್ಟೆ. ಐವರಿಗೆ ಎಂಟು ತಟ್ಟೆ ಏಕೆ ತಂದೆನೋ ನನಗೇ ತಿಳಿಯದು.

ಗೋಡೆಯಾಚೆಯ ಹುಲ್ಲು

ಅತ್ತೆ ನೋಡಬೇಕೆಂದಿದ್ದ ಬಯಲು ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋಗುವ ದಾರಿಯಲ್ಲಿತ್ತು. ಅದು ಅಮೃತಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರಾಲಿ ಅದನ್ನು ಬೆಳೆಸಿದ. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಯುದ್ಧದ ತೋಪು, ಸಾಮಾನು ಎಳೆಯುತ್ತಿದ್ದ ಆ ಎತ್ತುಗಳಿಗೆ ರಾಜ್ಯದ ಉದ್ದಕ್ಕೂ ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಮುಂದೆ ಅವೇ ಹಳ್ಳಿಗಳ ದನ, ಕುರಿಗಳಿಗೂ ಆಧಾರವಾದವು.

ಕುದಾಪುರದ ಹತ್ತಿರ ಬಂದಾಗ ಅತ್ತೆ ಕಿಟಕಿಗೆ ಮುಖ ತಂದರು. ಅಲ್ಲಿ ಕಂಡದ್ದು ಉದ್ದನೆಯ ಗೋಡೆ. 2009ರಿಂದೀಚೆಗೆ ಈ ಭಾಗದ ಕಾವಲುಗಳ ಸಾವಿರಾರು ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಗೇ 1500 ಎಕರೆ ಸಿಕ್ಕಿದೆ. ಡಿಆರ್‌ಡಿಒ, ಬಾಬಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳೂ ಇಲ್ಲಿವೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಇಸ್ರೋದ ಪುಟ್ಟ ಬಾಹ್ಯಾಕಾಶ ವಿಮಾನವನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಟ್ಟಾಗ, ಪೈಲಟ್ ಇಲ್ಲದೆಯೇ ಅದು ಬಂದು ಇಳಿದದ್ದು ಇಲ್ಲಿಯ ರನ್‌ವೇ ಮೇಲೆ. ನಾವೆಲ್ಲ ಹೆಮ್ಮೆ ಪಡಬೇಕಾದ ಕೆಲಸ. ಆದರೆ ಮೇವಿನ ದಾರಿ ಮುಚ್ಚಿತೆಂದು ಸುತ್ತಲಿನ ಹಳ್ಳಿಗಳವರು ವರ್ಷಗಟ್ಟಲೆ ಹೋರಾಡಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ನಾವು ಓಮ್ನಿ ನಿಲ್ಲಿಸಲಿಲ್ಲ. ಅಂತಹ ಕಡೆ ನಿಲ್ಲುವುದಾಗಲಿ, ಫೋಟೋ ತೆಗೆಯುವುದಾಗಲಿ ಸರಿಯಲ್ಲ. ಗೋಡೆ ಮುಗಿಯುವವರೆಗೂ ಅತ್ತೆ ಮಾತನಾಡಲಿಲ್ಲ. ನಂತರ ಒಂದೇ ಪ್ರಶ್ನೆ ಕೇಳಿದರು: “ಹಾಗಾದರೆ ಕುರಿಗಳು ಈಗ ಎಲ್ಲಿಗೆ ಹೋಗುತ್ತವೆ?”

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಡಿಲಾದ ಮುಚ್ಚಳ

ಆ ರಾತ್ರಿ ತಂಗಿದ್ದು ಮೊಳಕಾಲ್ಮೂರಿನ ದಾರಿಯಲ್ಲಿ, ಮೈದುನನಿಗೆ ಪರಿಚಯವಿದ್ದ ರೈತರೊಬ್ಬರ ಹೊಲದಲ್ಲಿ. ಶೇಂಗಾ ಕಿತ್ತು ಖಾಲಿ ಬಿದ್ದಿತ್ತು. ಗುಡ್ಡದ ಹತ್ತಿರ ನಿಲ್ಲೋಣವೆಂದು ಮಗ ಹಠ ಹಿಡಿದ. ರೈತರು ಬೇಡವೆಂದರು. ಈ ಭಾಗದ ಬಂಡೆಗುಡ್ಡಗಳ ಪೊಟರೆಗಳಲ್ಲಿ ಕರಡಿಗಳಿವೆ. ಕತ್ತಲಾದ ಮೇಲೆ ಅವು ಆಹಾರ ಹುಡುಕುತ್ತಾ ಕೆಳಗಿಳಿಯುತ್ತವೆ. ಸ್ಥಳೀಯರ ಮಾತು ಕೇಳಿ ಹೊಲದ ನಡುವೆಯೇ ನಿಂತೆವು. ನಾಲ್ಕು ಕೋಲು ನೆಟ್ಟು ಹಳೆಯ ಸೀರೆ ಸುತ್ತಿ ಮರೆ ಮಾಡಿದೆವು. ಹೆಂಗಸರ ದೊಡ್ಡ ಚಿಂತೆ ಅಲ್ಲಿಗೆ ಮುಗಿಯಿತು.

ಇಶಾ ನಮಾಝ್ ಮುಗಿಸಿ ಲಾಟೀನು ಆರಿಸಿದಾಗ ಮಕ್ಕಳು ಬಾಯಿ ತೆರೆದು ಆಕಾಶ ನೋಡಿದರು. ಅಷ್ಟು ನಕ್ಷತ್ರಗಳನ್ನು ದಾವಣಗೆರೆಯಲ್ಲಿ ಅವರು ಎಂದೂ ಕಂಡವರಲ್ಲ. ಮದ್ರಸದಲ್ಲಿ ಕಲಿತ ಅರಬಿ ನನಗೆ ಅಲ್ಲಿ ಉಪಯೋಗಕ್ಕೆ ಬಂತು. ಕೃತ್ತಿಕೆಯೆಂದರೆ ಅರಬಿಯ ಸುರಯ್ಯಾ. ಅದರ ಹಿಂದೆಯೇ ಬರುವ ಕೆಂಪು ರೋಹಿಣಿ ನಕ್ಷತ್ರಕ್ಕೆ ಇಂಗ್ಲಿಷಿನವರೂ ಅಲ್ಡೆಬರಾನ್ ಎನ್ನುತ್ತಾರೆ. ಅದು ಅರಬಿಯ ‘ಅದ್ದಬರಾನ್’, ಹಿಂಬಾಲಿಸುವವನು. ಮಹಾವ್ಯಾಧನ ಕಾಲಿನಲ್ಲಿರುವ ರೈಜಲ್ ಎಂದರೆ ‘ರಿಜ್ಲ್’, ಕಾಲು. ಈ ಹೆಸರುಗಳನ್ನು ಇಟ್ಟವರೂ ಛಾವಣಿಯಿಲ್ಲದ ಕಡೆ ಮಲಗುತ್ತಿದ್ದವರೇ ಇರಬೇಕಲ್ಲವೇ?

ಬೆಳಗಿನ ಜಾವ ಮಗಳು ನನ್ನನ್ನು ಎಬ್ಬಿಸಿದಳು. ಅವಳ ಹೊದಿಕೆ ಒದ್ದೆಯಾಗಿತ್ತು. ಇಶಾದ ವುಝೂ ಮಾಡಿದ ಬಳಿಕ ಕ್ಯಾನಿನ ಮುಚ್ಚಳವನ್ನು ನಾನು ಬಿಗಿಯಾಗಿ ತಿರುಗಿಸಿರಲಿಲ್ಲ. ಅದು ಮಗ್ಗುಲಾಗಿ ಬಿದ್ದು ರಾತ್ರಿಯೆಲ್ಲ ಸೋರಿ ಖಾಲಿಯಾಗಿತ್ತು. ಮೊದಲ ದಿನ ಕೈಕಾಲು ತೊಳೆದು, ಎಂಟು ತಟ್ಟೆ ತೊಳೆದು ಎರಡು ಕ್ಯಾನು ಆಗಲೇ ಮುಗಿಸಿದ್ದೆವು. ಉಳಿದದ್ದು ಒಂದೇ ಕ್ಯಾನು. ಐವರು, ಇಡೀ ದಿನ, 20 ಲೀಟರ್. ನನಗೆ ಅಳುವೇ ಬಂತು. ನನ್ನ ಪತಿ, “ಹೆದ್ದಾರಿಗೆ ಹೋಗಿ ಬಾಟಲಿ ನೀರು ತರುತ್ತೇನೆ” ಎಂದು ಕೀಲಿಕೈ ತೆಗೆದುಕೊಂಡರು.

“ಮೊದಲು ಇರುವುದನ್ನು ಲೆಕ್ಕ ಹಾಕಿ” ಎಂದರು ಅತ್ತೆ.

ಮೂರು ವರ್ಷಗಳ ಬಳಿಕ ಅವರು ಮನೆಯ ಯಜಮಾನಿಯಂತೆ ಮಾತನಾಡಿದ್ದರು. ಲೋಟವೊಂದನ್ನು ಕೈಗೆತ್ತಿಕೊಂಡು ಹಂಚಿದರು. ಕುಡಿಯಲು ಹತ್ತು ಲೀಟರ್ ಪಕ್ಕಕ್ಕೆ. ಅಡುಗೆಗೆ ನಾಲ್ಕು. ಉಳಿದ ಆರರಲ್ಲಿ ವುಝೂ ಮತ್ತು ಶುಚಿ. ತಟ್ಟೆಗಳನ್ನು ಮೊದಲು ಒಣ ಮಣ್ಣಿನಿಂದ ಉಜ್ಜಿ, ಆಮೇಲೆ ಒಂದೇ ಲೋಟ ನೀರಿನಿಂದ ಗಲಬರಿಸುವುದು. ಪ್ರವಾದಿವರ್ಯರು(ಸ) ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಎರಡು ಅಂಗೈ ಜೋಡಿಸಿದ ಬೊಗಸೆಯಲ್ಲಿ ಹಿಡಿಯುವಷ್ಟು. ಇಂದಿನ ಲೆಕ್ಕದಲ್ಲಿ ಒಂದು ಲೀಟರಿಗೂ ಕಡಿಮೆ. ಎಷ್ಟೋ ವರ್ಷಗಳಿಂದ ನಾನಿದನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಮಾಡಿ ನೋಡಿದ್ದು ಆ ಬೆಳಿಗ್ಗೆಯೇ ಮೊದಲು. ನಂಬಿ, ಸಾಕಾಗುತ್ತದೆ. ಊರಿಗೆ ಮರಳಿದ ಮೇಲೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ ಅಳೆದೆ. ಏಳು ಲೀಟರ್ ಹಿಡಿದಿತ್ತು!

ಬಿಸಿಲೇರುವ ಮುಂಚೆ ಪಕ್ಕದ ಹೊಲದಿಂದ ಗಂಟೆಯ ಸದ್ದು ಕೇಳಿಸಿತು. ಕುರಿ ರೊಪ್ಪ. ರಾತ್ರಿ ನಮಗೆ ಕಂಡಿರಲಿಲ್ಲ. ಬಲೆಯ ಬೇಲಿಯೊಳಗೆ ನೂರಾರು ಕುರಿಗಳು, ಪಕ್ಕದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡ ಕುರಿಗಾಹಿ, ಒಲೆ ಊದುತ್ತಿದ್ದ ಅವರ ಹೆಂಡತಿ. ನಾವು ಒಂದು ರಾತ್ರಿಗೆ ಇಷ್ಟು ಸಿದ್ಧತೆ ಮಾಡಿಕೊಂಡು ಬಂದ ಬದುಕನ್ನು ಅವರು ವರ್ಷದ ಬಹುಪಾಲು ಬದುಕುತ್ತಾರೆ. ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಹಣವನ್ನೋ ಕಾಳನ್ನೋ ಕೊಡುತ್ತಾರೆ. ಎರಡು ರಾತ್ರಿ ಒಂದು ಹೊಲ, ಮತ್ತೆ ಇನ್ನೊಂದು. ಅವರ ಇಡೀ ಮನೆ ಎರಡು ಮೂಟೆಯಲ್ಲಿ ಮುಗಿದಿತ್ತು.

ಆ ತಾಯಿ ನಮ್ಮ ಒದ್ದೆ ಹಾಸಿಗೆ ನೋಡಿ ವಿಷಯ ತಿಳಿದುಕೊಂಡರು. “ನಮ್ಮ ಡ್ರಮ್ಮಿನಾಗೆ ಐತೆ, ಒಂದು ಬಿಂದಿಗೆ ತಗಳ್ರಮ್ಮ” ಎಂದರು. ಆ ಡ್ರಮ್ಮನ್ನು ದೂರದ ಬೋರ್‌ವೆಲ್‌ನಿಂದ ತುಂಬಿಸಿ ತಂದಿದ್ದರು. ಅತ್ತೆ ಅರ್ಧ ಬಿಂದಿಗೆ ಮಾತ್ರ ತೆಗೆದುಕೊಂಡರು. ಆಮೇಲೆ ನಿನ್ನೆಯ ಪ್ರಶ್ನೆಯನ್ನು ಅವರನ್ನೇ ಕೇಳಿದರು.

“ಕಾವಲು ಹೋದಮ್ಯಾಗೆ ದೂರ ದೂರ ಹೋಗ್ತೀವಮ್ಮ. ನೀರಾವರಿ ಸೀಮಿಗಂಟ ಹೋಗ್ತೀವಿ. ಮಕ್ಳು ಊರಾಗೆ ಅಜ್ಜಿ ತಾವ ಇದಾವೆ” ಎಂದರು ಆ ತಾಯಿ.

ಅತ್ತೆ ಓಮ್ನಿಗೆ ಹೋಗಿ ಮೊಮ್ಮಗಳಿಗೆಂದು ತಂದಿದ್ದ ಹಸಿರು ಗಾಜಿನ ಬಳೆಗಳನ್ನು ತಂದರು. ಆ ತಾಯಿಯ ಗಟ್ಟಿಯಾದ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಗೆಣ್ಣುಗಳನ್ನು ಮೆಲ್ಲನೆ ಒತ್ತುತ್ತಾ ಒಂದೂ ಒಡೆಯದಂತೆ ಬಳೆ ತೊಡಿಸಿದರು. ಆ ವಿದ್ಯೆ ಅವರಿಗೆ ಇನ್ನೂ ನೆನಪಿತ್ತು. ಇಪ್ಪತ್ತು ವರ್ಷಗಳಿಂದ ಅವರ ಜೊತೆ ಒಂದೇ ಮನೆಯಲ್ಲಿದ್ದರೂ ಅವರಿಗೆ ಬಳೆ ತೊಡಿಸಲು ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಆ ಕುರಿಗಾಹಿಯ ಕಂಬಳಿಯ ಬಗ್ಗೆಯೂ ಒಂದು ಮಾತು. ಚಳ್ಳಕೆರೆಯ ಕಂಬಳಿ ಹೆಸರುವಾಸಿ. ಇಲ್ಲಿಯ ಕುರಿಗಳ ಒರಟು ಕಪ್ಪು ಉಣ್ಣೆಯನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗದಲ್ಲಿ ನೇಯುತ್ತಾರೆ. ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ನಮ್ಮ ನುಣುಪಾದ ಬ್ಲಾಂಕೆಟುಗಳು ಇಬ್ಬನಿಗೆ ತೊಯ್ದಿದ್ದವು. ಅವರ ಕಂಬಳಿಯನ್ನು ಒಮ್ಮೆ ಕೊಡವಿದರೆ ಸಾಕಾಗಿತ್ತು.

256 ರಾತ್ರಿಗಳು

ಎರಡನೇ ದಿನ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋದೆವು. ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಹೊರಜಗತ್ತಿಗೆ ತಿಳಿಸಿದರು. ತಂದೆ ತಾಯಿಯ ಮಾತು ಕೇಳಬೇಕು, ಗುರುಗಳನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಬೋಧನೆ.

ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಶಾಸನದ ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡ ಎಂಬವನು ಕೊನೆಯಲ್ಲಿ ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ಗಡಿನಾಡಿನ ಲಿಪಿ. ನಮ್ಮ ಅರಬಿ, ಉರ್ದುವಿನಂತೆ ಬಲದಿಂದ ಎಡಕ್ಕೆ ಓದುವಂಥದ್ದು. ಊರು ಬಿಟ್ಟು ಬಂದವನು ಇಷ್ಟು ದೂರದ ಬಂಡೆಯ ಮೇಲೆ ತನ್ನ ನಾಡಿನ ಅಕ್ಷರವನ್ನು ಇಟ್ಟುಹೋಗಿದ್ದಾನೆ! ಇನ್ನೊಂದು, ಶಾಸನದಲ್ಲಿರುವ 256 ಎಂಬ ಸಂಖ್ಯೆ. ರಾಜ ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ವಿದ್ವಾಂಸರು ಅರ್ಥ ಹೇಳುತ್ತಾರೆ.

“ನಮ್ಮದು ಒಂದು ರಾತ್ರಿ” ಎಂದ ಮಗ. “ಆ ಕುರಿಯಮ್ಮನದು ಎಷ್ಟು?” ಎಂದಳು ಮಗಳು.

ಅಲ್ಲಿ ನಾವು ಒಲೆ ಹಚ್ಚಲಿಲ್ಲ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಥಳ. ಮರಳುವಾಗ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳನ್ನು ನೋಡಿಕೊಂಡು, ರಾತ್ರಿ ದಾವಣಗೆರೆ ಸೇರಿದೆವು. ಕ್ಯಾನಿನ ತಳದಲ್ಲಿ ಇನ್ನೂ ಎರಡು ಲೀಟರಿನಷ್ಟು ನೀರು ಉಳಿದಿತ್ತು.

ನೀವೂ ಹೊರಡುವುದಾದರೆ

ಹೊಲದವರ ಒಪ್ಪಿಗೆ ಇಲ್ಲದೆ ಎಲ್ಲೂ ತಂಗಬೇಡಿ. ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅನುಮತಿ ಬೇಕು. ಬೆಳಕಿರುವಾಗಲೇ ಜಾಗ ಹಿಡಿಯಿರಿ. ಬಂಡೆಗುಡ್ಡದ ಬುಡ, ಒಣಹಳ್ಳದ ಪಾತ್ರ ಎರಡೂ ಬೇಡ. ಮಳೆ ಎಲ್ಲೋ ಸುರಿದರೂ ಹಳ್ಳಕ್ಕೆ ನೀರು ಇದ್ದಕ್ಕಿದ್ದಂತೆ ಬರುತ್ತದೆ.

ವಾಹನದೊಳಗೆ ಗ್ಯಾಸ್ ಒಲೆಯಾಗಲಿ ಇದ್ದಿಲ ಕೆಂಡವಾಗಲಿ ಇಡಬೇಡಿ. ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಲಗುವಾಗ ಎರಡು ಕಡೆಯ ಕಿಟಕಿ ಸ್ವಲ್ಪ ತೆರೆದಿರಲಿ. ರಾತ್ರಿಯ ದೀಪವನ್ನು ವಾಹನದ ಬ್ಯಾಟರಿಯಿಂದ ಉರಿಸಬೇಡಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದು.

ಶೌಚಕ್ಕೆ ಒಂದು ಗೇಣು ಆಳದ ಗುಂಡಿ ತೆಗೆದು ಮಣ್ಣು ಮುಚ್ಚಿ. ಬಾವಿ, ಕೆರೆ, ಹಳ್ಳದಿಂದ ನೂರು ಹೆಜ್ಜೆ ದೂರವಿರಲಿ. ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಕಸವನ್ನು ಹೂಳಬೇಡಿ, ಚೀಲದಲ್ಲಿ ಮನೆಗೆ ತನ್ನಿ. ಕುರಿ ದನಗಳು ಪ್ಲಾಸ್ಟಿಕ್ ತಿಂದು ಸಾಯುತ್ತವೆ. ನೀರನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ತುಂಬದೆ ಹಲವು ಚಿಕ್ಕ ಕ್ಯಾನುಗಳಲ್ಲಿ ತುಂಬಿ. ಮಲಗುವ ಮುನ್ನ ಪ್ರತಿಯೊಂದರ ಮುಚ್ಚಳವನ್ನು ಕೈಯಿಂದ ಮುಟ್ಟಿ ನೋಡಿ. ಇದು ಅನುಭವದ ಮಾತು!

ಮುಖ್ಯವಾಗಿ, ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ. ಅವರಿಗೆ ಕಷ್ಟವಾಗುತ್ತದೆಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಕರೆಂಟು, ನಲ್ಲಿ ಇಲ್ಲದ ಬದುಕಿನ ಪಾಠವನ್ನು ಹೇಳಿಕೊಡಬಲ್ಲ ಕೊನೆಯ ತಲೆಮಾರು ಬಹುಶಃ ಅವರೇ.

ನಮ್ಮ ಮನೆಯಲ್ಲಿ ಈಗ ವುಝೂ ಮಾಡುವ ಜಾಗದಲ್ಲಿ ನಲ್ಲಿಯ ಪಕ್ಕ ಒಂದು ಚೊಂಬಿದೆ. ಇಟ್ಟವರು ಅತ್ತೆ. ಮೊನ್ನೆ ಮೈದುನ ಬಂದಿದ್ದಾಗ ಅವರು ಕೇಳಿದರು: “ನಾಯಕನಹಟ್ಟಿ ಜಾತ್ರೆಗೆ ನಿನ್ನ ಓಮ್ನಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆಯೇನಪ್ಪಾ?”